ನಾಯಿ, ಹಗ್ಗ ಮತ್ತು ಆತಕೂರಿನ ಕಲ್ಲು

ಮಹಾಭಾರತದಲ್ಲಿ ನಾಯಿ ಎರಡು ಕಡೆ ಬಾಗಿಲ ಬಳಿ ಬಂದು ನಿಲ್ಲುತ್ತದೆ. ಮೊದಲನೆಯದು ಆದಿಪರ್ವದ ಆರಂಭದ ಭಾಗದಲ್ಲಿ. ಜನಮೇಜಯನು ಕುರುಕ್ಷೇತ್ರದಲ್ಲಿ ಸತ್ರ ನಡೆಸುತ್ತಿದ್ದಾಗ ಸರಮೆಯ ಮರಿ ಅಲ್ಲಿಗೆ ಬಂದಿತು. ರಾಜನ ತಮ್ಮಂದಿರು ಅದನ್ನು ಹೊಡೆದು ಅಟ್ಟಿದರು. ತಾಯಿ ಸರಮೆ ಬಂದು, ನನ್ನ ಮಗ ಹವಿಸ್ಸನ್ನು ನೆಕ್ಕಲಿಲ್ಲ, ಕಣ್ಣೆತ್ತಿ ನೋಡಲೂ ಇಲ್ಲ, ಏಕೆ ಹೊಡೆದಿರಿ ಎಂದು ಕೇಳಿದಳು. ಉತ್ತರ ಕೊಡುವವರಿಲ್ಲ. ಕಾಣದ ಭಯವೊಂದು ನಿಮ್ಮನ್ನು ಕಾಡಲಿ ಎಂದು ಶಪಿಸಿ ಹೊರಟುಹೋದಳು. ಎರಡನೆಯದು ಎಲ್ಲರೂ ಬಲ್ಲ ಪ್ರಸಂಗ. ಮಹಾಪ್ರಸ್ಥಾನದ ಕೊನೆಯಲ್ಲಿ, ನಾಯಿಯುಳ್ಳವರಿಗೆ ಸ್ವರ್ಗದಲ್ಲಿ ಎಡೆಯಿಲ್ಲವೆಂದು ಇಂದ್ರನು ಹೇಳುತ್ತಾನೆ. ನಂಬಿ ಬಂದ ನಾಯಿಯನ್ನು ಬಿಟ್ಟು ನಾನು ಬರಲಾರೆನೆಂದು ಧರ್ಮರಾಯನು ಹಟ ಹಿಡಿಯುತ್ತಾನೆ.

ಹತ್ತು ಜನರಿಗೆ ಸೇರಿದ ಜಾಗಕ್ಕೆ ನಾಯಿಯನ್ನು ಕರೆದೊಯ್ಯಬಹುದೆ? ಕರೆದೊಯ್ದರೆ ಯಾವ ಕಟ್ಟಿಗೆ ಒಳಪಟ್ಟು? ಇಂದು ಉದ್ಯಾನಗಳ ಬಾಗಿಲಲ್ಲಿ, ಕಡಲ ತೀರದಲ್ಲಿ, ಕಾಡಿನ ತಪಾಸಣೆಯ ಗೇಟಿನಲ್ಲಿ ಏಳುವ ಈ ಪ್ರಶ್ನೆ, ನೋಡಿದರೆ, ಬಹಳ ಹಳೆಯದು. ನಾಯಿಗೆ ಹಗ್ಗ ಕಡ್ಡಾಯ ಎಂಬ ಬರಹವನ್ನು ಕಂಡು ಕೆಲವರು ಇದೊಂದು ಹೊಸಗಾಲದ ಶೋಕಿಯ ಕಾನೂನು ಎನ್ನುವುದುಂಟು. ಆದರೆ ಈ ವಿಷಯದಲ್ಲಿ ಕನ್ನಡಕ್ಕೆ ತನ್ನದೇ ಆದ ಒಂದು ದಾಖಲೆಯುಂಟು. ಅದು ಸಾವಿರ ವರ್ಷಕ್ಕೂ ಹಿಂದಿನದು, ಕಲ್ಲಿನ ಮೇಲೆ ಕೆತ್ತಿದ್ದು.

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಆ ಶಿಲಾಶಾಸನದ ಕಾಲ ಶಕವರ್ಷ 872, ಸೌಮ್ಯ ಸಂವತ್ಸರ, ಎಂದರೆ ಕ್ರಿ. ಶ. 949-50. ಇತಿಹಾಸದ ವಿದ್ಯಾರ್ಥಿಗಳಿಗೆ ಈ ಕಲ್ಲು ಬೇಕಾಗಿರುವುದು ತಕ್ಕೋಲದ ಯುದ್ಧಕ್ಕಾಗಿ. ಇಂದಿನ ತಮಿಳುನಾಡಿನ ಅರಕ್ಕೋಣದ ಬಳಿಯಿರುವ ತಕ್ಕೋಲದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನಿಗೂ ಚೋಳರ ರಾಜಾದಿತ್ಯನಿಗೂ ಕಾಳಗವಾಯಿತು. ಕೃಷ್ಣನ ಭಾವಮೈದುನನಾದ ಗಂಗರ ಬೂತುಗನು ರಾಜಾದಿತ್ಯನನ್ನು ಆನೆಯ ಅಂಬಾರಿಯ ಮೇಲೆಯೇ ಇರಿದು ಕೊಂದನು. ಮೆಚ್ಚಿದ ಚಕ್ರವರ್ತಿ ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಎಂಬ ನಾಡುಗಳನ್ನು ಕೊಟ್ಟನು. ದಕ್ಷಿಣದ ರಾಜಕೀಯವನ್ನು ಕೆಲಕಾಲ ತಿರುಗಿಸಿದ ಯುದ್ಧವಿದು. ಪಠ್ಯಪುಸ್ತಕಗಳಲ್ಲಿ ಇಷ್ಟು ಬಂದರೆ ಸಾಕೆನ್ನುತ್ತಾರೆ.

ಆದರೆ ಕಲ್ಲು ನೆಟ್ಟದ್ದು ಈ ದೊಡ್ಡವರಿಗಾಗಿ ಅಲ್ಲ. ಬೂತುಗನ ಕೈಕೆಳಗೆ ಮಣಲೇರನೆಂಬ ವೀರನಿದ್ದನು. ಚೋಳರ ಪಡೆಗೆ ಎದುರಾಗಿ ನಿಂತು ಕಾದಿದ ಅವನ ಕೆಚ್ಚನ್ನು ಕಂಡು ಬೂತುಗನು, ಮೆಚ್ಚಿದೆ, ಏನು ಬೇಕೋ ಬೇಡಿಕೊ ಎಂದನು. ಒಡೆಯನಿಗೆ ಸಾವಿರ ಸಾವಿರದ ನಾಡುಗಳು ದೊರೆತಿದ್ದ ಹೊತ್ತು ಅದು. ಮಣಲೇರನು ಕೇಳಿಕೊಂಡದ್ದು ಒಂದು ನಾಯಿಯನ್ನು. ಅದರ ಹೆಸರು ಕಾಳಿ. ಅದನ್ನು ಪಡೆದು ತಂದ ಮೇಲೆ, ಕೆಲಲೆನಾಡಿನ ಬೆಳತೂರಿನ ಪಡುವಣ ಮೊರಡಿಯಲ್ಲಿ ಒಂದು ಹೆಬ್ಬಂದಿಯ ಮೇಲೆ ಅದನ್ನು ಬಿಟ್ಟರು. ಹಂದಿಯೂ ನಾಯಿಯೂ ಹೋರಾಡಿ ಒಟ್ಟಿಗೆ ಸತ್ತವು. ಹಳಗನ್ನಡದಲ್ಲಿ ಇದಕ್ಕೆ ‘ಒಡಸತ್ತುವು’ ಎಂಬ ಒಂದೇ ಮಾತು ಸಾಕಾಗಿದೆ. ಈ ಕಾಳಿಯ ನೆನಪಿಗಾಗಿ ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನೆಟ್ಟರು. ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ನೆಲವನ್ನು ಬಿಟ್ಟುಕೊಟ್ಟರು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಸೆಣಸುವ ಚಿತ್ರವನ್ನೂ ಕಡೆದಿದ್ದಾರೆ. ಮೂರನೆಯ ಕೃಷ್ಣನ ವಿಜಯ, ರಾಜಾದಿತ್ಯನ ಮರಣ, ನಾಡುಗಳ ಕೊಡುಗೆ ಎಲ್ಲವೂ ಈ ನಾಯಿಯ ಕಲ್ಲಿನ ಮೇಲೆಯೇ ಇವೆ.

ನಾಯಿಗೆ ಕಲ್ಲು ನಿಲ್ಲಿಸಿದ್ದು ಇದೊಂದೇ ಕಡೆಯೆಂದು ತಿಳಿಯಬೇಕಾಗಿಲ್ಲ. ತಮಿಳುನಾಡಿನ ಎಡುತ್ತನೂರಿನಲ್ಲಿ, ಪಲ್ಲವ ಮಹೇಂದ್ರವರ್ಮನ ಕಾಲದ ವೀರಗಲ್ಲೊಂದರಲ್ಲಿ, ಒಡೆಯನ ಜೊತೆ ನಿಂತು ತುರುಗಳ್ಳರನ್ನು ಎದುರಿಸಿದ ಕೋವಿವನ್ ಎಂಬ ನಾಯಿಯ ಚಿತ್ರವೂ ಹೆಸರೂ ಇವೆ. ನಾಯಿಯ ಸಾಕಣೆ ನಮ್ಮ ಅರಸರಿಗೆ ಶಾಸ್ತ್ರದ ವಿಷಯವೂ ಆಗಿತ್ತು. 12ನೆಯ ಶತಮಾನದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ವಿನೋದಗಳ ಸಾಲಿನಲ್ಲಿ ಸಾರಮೇಯ ವಿನೋದವೂ ಒಂದು, ಸರಮೆಯ ಮಗನಿಗೆ ಕೊನೆಗೂ ಅರಮನೆಯಲ್ಲಿ ಜಾಗ ಸಿಕ್ಕಿತೆನ್ನೋಣ. ಬಾಗಲಕೋಟೆ ಜಿಲ್ಲೆಯ ಮುಧೋಳದ ಘೋರ್ಪಡೆ ಅರಸರು ಸಾಕಿ ಬೆಳೆಸಿದ ಬೇಟೆನಾಯಿಯ ತಳಿ ಇಂದಿಗೂ ಉಳಿದಿದೆ. 2005ರಲ್ಲಿ ಅದಕ್ಕೆ ಭಾರತದ ಅಂಚೆಚೀಟಿಯ ಗೌರವವೂ ಸಂದಿತು.

ತರಗತಿಯಲ್ಲಿ ಆತಕೂರಿನ ಶಾಸನವನ್ನು ಓದಿಸುವಾಗ ನಾನು ಪ್ರತಿವರ್ಷವೂ ಎರಡು ಕಡೆ ನಿಲ್ಲುತ್ತೇನೆ. ಮೊದಲನೆಯದು, ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು ಎಂಬಲ್ಲಿ. ಬಿಡಬೇಕಾದರೆ ಅದುವರೆಗೆ ಹಿಡಿದಿರಬೇಕಷ್ಟೆ. ಚಕ್ರವರ್ತಿಯ ಬಂಟನ ಕೈಯಿಂದ ವೀರನ ಕೈಗೆ ಬಂದ ಆ ಹುಲಿಯಂಥ ನಾಯಿಯೂ ಮನಸ್ಸು ಬಂದಂತೆ ಅಲೆಯುತ್ತಿದ್ದ ನಾಯಿಯಲ್ಲ. ಯಾವ ಗಳಿಗೆಯಲ್ಲಿ ಬಿಡಬೇಕು, ಯಾವುದರ ಮೇಲೆ ಬಿಡಬೇಕು ಎಂಬುದನ್ನು ಹಿಡಿದವನು ನಿರ್ಧರಿಸುತ್ತಿದ್ದನು. ಬೇಟೆನಾಯಿಯ ಕಸುಬೆಲ್ಲ ಹಿಡಿಯುವ ಕೈ ಮತ್ತು ಬಿಡುವ ಕೈಯ ನಡುವೆಯೇ ಇದೆ.

ಎರಡನೆಯದು ಶಾಸನದ ಕೊನೆಯ ಶಾಪದ ಭಾಗ. ಶಾಸನಗಳ ಕೊನೆಯಲ್ಲಿ ಇದನ್ನು ಅಳಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುವನು ಎಂಬಂಥ ಮಾತು ಬರುವುದು ವಾಡಿಕೆ. ಇಲ್ಲಿ ಹಾಗಿಲ್ಲ. ಈ ನೆಲವನ್ನು ಕೆಡಿಸಿದವರು ಆ ನಾಯಿ ಮಾಡಿದ ಪಾಪವನ್ನು ಹೊರುವರು. ಆ ದೇಗುಲದ ಗೊರವನು ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಅವನಿಗೂ ಅದೇ ಪಾಪ ಎಂದಿದೆ. ನಾಯಿಗೆ ಎಂಥ ಪಾಪ ಸರ್, ಅದು ಹಂದಿಯನ್ನು ಕೊಂದದ್ದು ಮನುಷ್ಯ ಬಿಟ್ಟದ್ದರಿಂದ ತಾನೆ ಎಂದು ಒಮ್ಮೆ ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಅವಳ ಪ್ರಶ್ನೆಯಲ್ಲಿ ಇಡೀ ವಿಷಯದ ತಿರುಳಿದೆ. ಕಲ್ಲು ಹೇಳುತ್ತಿರುವುದೂ ಅದನ್ನೇ ಎಂದು ನನಗೆ ತೋರುತ್ತದೆ: ಲೆಕ್ಕ ಕೊಡಬೇಕಾದವನು ಕೊನೆಗೂ ಮನುಷ್ಯನೇ. ಸತ್ತ ನಾಯಿಯನ್ನು ಯಾವ ಕಟ್ಟೂ ಕಟ್ಟಲಾರದು. ಶಾಸನದ ಕಟ್ಟುಗಳೆಲ್ಲ ಬಿದ್ದಿರುವುದು ಉಳುವವನ ಮೇಲೆ, ಆಳುವವನ ಮೇಲೆ, ಪೂಜೆಯವನ ಮೇಲೆ.

ಈ ಕಲ್ಲು ಈಗ ಆತಕೂರಿನಲ್ಲಿ ಇಲ್ಲ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. 1865ರಲ್ಲಿ ಹುಟ್ಟಿದ ಆ ಸಂಸ್ಥೆಯ ಕೆಂಪು ಕಟ್ಟಡ ಇರುವುದು ಕಬ್ಬನ್ ಪಾರ್ಕಿನ ಅಂಚಿನಲ್ಲಿ. 1870ರಲ್ಲಿ ರೂಪುಗೊಂಡ ಆ ಉದ್ಯಾನಕ್ಕೆ ಇಂದು ಬೆಳಗಾದರೆ ನೂರಾರು ಜನ ನಾಯಿಗಳನ್ನು ಕರೆತರುತ್ತಾರೆ. ಕನ್ನಡನಾಡಿನ ಅತ್ಯಂತ ಹೆಸರಾದ ನಾಯಿಯ ಕಲ್ಲಿನ ಪಕ್ಕದಲ್ಲಿಯೇ ನಾಯಿಯ ಹಗ್ಗದ ವ್ಯಾಜ್ಯವೂ ನಡೆದದ್ದು ಕಾಲದ ಒಂದು ವಿನೋದ. ಹಗ್ಗ ಕಳಚಿ ಬಿಡುತ್ತಾರೆ, ಹೇಸಿಗೆಯನ್ನು ಎತ್ತದೆ ಹೋಗುತ್ತಾರೆ ಎಂಬ ದೂರುಗಳು ಬಂದು, 2022ರ ಜುಲೈ 1ರಿಂದ ಸಾಕುನಾಯಿಗಳ ಪ್ರವೇಶವನ್ನೇ ನಿಲ್ಲಿಸುವುದಾಗಿ ತೋಟಗಾರಿಕೆ ಇಲಾಖೆ ಪ್ರಕಟಿಸಿತು. ನಾಯಿ ಸಾಕಿದವರು ಪ್ರತಿಭಟಿಸಿದರು. ನಿಷೇಧ ಜಾರಿಗೆ ಬರಲಿಲ್ಲ. ದೂರುಗಳಲ್ಲಿ ನಾಯಿಯ ತಪ್ಪೆನ್ನುವುದು ಎಷ್ಟಿತ್ತು? ಹಗ್ಗ ಕಳಚಿದ್ದು ನಾಯಿಯಲ್ಲ; ಎತ್ತದೆ ಹೋದದ್ದೂ ನಾಯಿಯಲ್ಲ. ಆದರೂ ಹೊರಗೆ ನಿಲ್ಲಬೇಕಾಗಿ ಬರುತ್ತಿದ್ದದ್ದು ನಾಯಿ. ಸರಮೆಯ ದೂರು ಇದೇ ಅಲ್ಲವೆ?

ಹಾಗೆಂದಮಾತ್ರಕ್ಕೆ ನಿಯಮವನ್ನು ಹಗುರವಾಗಿ ನೋಡುವಂತಿಲ್ಲ. ಹುಚ್ಚುನಾಯಿ ಕಡಿತವೆಂದರೆ ಸಾವು ಎಂದೇ ಇದ್ದ ಕಾಲವನ್ನು ನಮ್ಮ ಅಜ್ಜಂದಿರು ಕಂಡಿದ್ದರು. ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರನು ಕಡಿತಕ್ಕೆ ಲಸಿಕೆ ಕೊಟ್ಟದ್ದು 1885ರಲ್ಲಿ. ದಕ್ಷಿಣದವರಿಗೆ ಹತ್ತಿರವಾಗುವಂತೆ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ಆರಂಭವಾದದ್ದು 1907ರಲ್ಲಿ. ಇಂದಿಗೂ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮದ್ದಿಲ್ಲವೆಂದೇ ಹೇಳಬೇಕು. ಕಾನೂನು ಕೂಡ ಈ ಭಯವನ್ನು ಬಲ್ಲದು. 1860ರ ದಂಡ ಸಂಹಿತೆಯ 289ನೆಯ ಕಲಮು, ತನ್ನ ವಶದಲ್ಲಿರುವ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ಎಚ್ಚರ ವಹಿಸದವನಿಗೆ ಶಿಕ್ಷೆ ವಿಧಿಸಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ 291ನೆಯ ಕಲಮಾಗಿದೆ. ಆರು ತಿಂಗಳವರೆಗಿನ ಸೆರೆ ಹಾಗೆಯೇ ಉಳಿದು, ಸಾವಿರ ರೂಪಾಯಿಯ ದಂಡ 5,000ಕ್ಕೆ ಏರಿದೆ. ಗಮನಿಸಿ: ಇಲ್ಲಿಯೂ ಶಿಕ್ಷೆ ಪ್ರಾಣಿಗಲ್ಲ, ವಶದಲ್ಲಿ ಇಟ್ಟುಕೊಂಡವನಿಗೆ. ಆತಕೂರಿನ ಶಾಪಕ್ಕೂ ಈ ಕಲಮಿಗೂ ನಡುವೆ ಸಾವಿರ ವರ್ಷಗಳ ಅಂತರ. ಇಬ್ಬರೂ ಬೊಟ್ಟು ಮಾಡಿ ತೋರುವುದು ಒಬ್ಬನನ್ನೇ.

ಬೆಂಗಳೂರಿನ ಮಾತು ನಮಗೇಕೆ ಎನ್ನುವಂತಿಲ್ಲ. ನಾನಿರುವ ನಂದಿಕೂರು ಪಡುಬಿದ್ರಿಯಿಂದ ಕಾರ್ಕಳಕ್ಕೆ ಹೋಗುವ ರಸ್ತೆಯ ಮೇಲಿದೆ. ಈ ದಾರಿಯಲ್ಲಿ ಪಡುವಕ್ಕೆ ಹೊರಟರೆ ಕಡಲು, ಮೂಡಕ್ಕೆ ಹೊರಟರೆ ಬೆಳ್ಮಣ್, ನಿಟ್ಟೆ, ಕಾರ್ಕಳ ದಾಟಿ ಮಾಳದಾಚೆ ಕುದುರೆಮುಖದ ಕಾಡು. ರಜೆ ಬಂತೆಂದರೆ ಊರೂರಿನ ಜನ ವಾಹನಗಳಲ್ಲಿ ಡೇರೆ, ಚಾಪೆ, ಬುತ್ತಿ, ಜೊತೆಗೊಂದು ನಾಯಿಯನ್ನೂ ಏರಿಸಿಕೊಂಡು ಈ ಎರಡು ದಿಕ್ಕಿಗೂ ಸಾಗುವುದನ್ನು ಕಾಣುತ್ತೇವೆ. ಎರಡು ತುದಿಯಲ್ಲೂ ಈಗ ನಾಯಿಗೆ ಕಟ್ಟಳೆಯುಂಟು. ಪಡುಬಿದ್ರಿಯ ತೀರಕ್ಕೆ 2020ರ ಅಕ್ಟೋಬರಿನಲ್ಲಿ ‘ಬ್ಲೂ ಫ್ಲ್ಯಾಗ್’ ಎಂಬ ಅಂತರರಾಷ್ಟ್ರೀಯ ಮಾನ್ಯತೆ ಬಂದಿತು. ಹೊನ್ನಾವರದ ಕಾಸರಕೋಡಿಗೂ ಆಗಲೇ ಬಂದದ್ದು. ನೀರಿನ ಶುದ್ಧಿ, ಶೌಚಾಲಯ, ಜೀವರಕ್ಷಕರು ಎಂಬ ಷರತ್ತುಗಳ ಸಾಲಿನಲ್ಲಿ, ನಾಯಿ ಮುಂತಾದ ಸಾಕುಪ್ರಾಣಿಗಳ ಪ್ರವೇಶ ಬಿಗಿಯಾದ ನಿಯಂತ್ರಣದಲ್ಲಿರಬೇಕು ಎಂಬುದೂ ಒಂದು. ಮಕ್ಕಳು ಬರಿಗಾಲಲ್ಲಿ ಆಡುವ ಮರಳು ಅದು.

ಕಾಡಿನಲ್ಲಿ ನಿಯಮ ಇನ್ನೂ ಕಠಿನ. ಕುದುರೆಮುಖ 1987ರಿಂದ ರಾಷ್ಟ್ರೀಯ ಉದ್ಯಾನ. ಅಂಥ ಕಡೆ ಮನಸ್ಸು ಬಂದಲ್ಲಿ ಡೇರೆ ಹಾಕುವಂತಿಲ್ಲ, ಸಾಕುನಾಯಿಯನ್ನು ಹಗ್ಗ ಹಾಕಿಯೂ ಕರೆದೊಯ್ಯುವಂತಿಲ್ಲ. ಇದೇಕೆಂದು ಕೇಳುವವರಿಗೆ ಉತ್ತರ ದೂರದಿಂದ ಬರುತ್ತದೆ. ಆಫ್ರಿಕಾದ ಸೆರೆಂಗೆಟಿಯಲ್ಲಿ 1994ರಲ್ಲಿ ಸುಮಾರು ಸಾವಿರ ಸಿಂಹಗಳು, ಎಂದರೆ ಅಲ್ಲಿದ್ದವುಗಳಲ್ಲಿ ಮೂರರಲ್ಲೊಂದು ಪಾಲು, ಡಿಸ್ಟೆಂಪರ್ ಎಂಬ ನಾಯಿಗಳ ರೋಗದಿಂದ ಸತ್ತವು. ಸುತ್ತಲ ಹಳ್ಳಿಗಳ ನಾಯಿಗಳಿಗೂ ಅದಕ್ಕೂ ಇದ್ದ ನಂಟನ್ನು ವಿಜ್ಞಾನಿಗಳು ಗುರುತಿಸಿದರು. ನಮ್ಮ ಗಿರ್ ಅರಣ್ಯದಲ್ಲಿ 2018ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗಲೂ ಅದೇ ರೋಗಾಣು ಪತ್ತೆಯಾಯಿತು. ಹಗ್ಗ ನಾಯಿಯನ್ನು ತಡೆದೀತು, ಅದರ ಉಸಿರನ್ನು ತಡೆಯದು. ಪಶ್ಚಿಮಘಟ್ಟದ ಸೀಳುನಾಯಿಗಳು ಮನೆನಾಯಿಯ ದಾಯಾದಿಗಳು. ದಾಯಾದಿಗೆ ತಗಲುವ ರೋಗ ಬಹುಬೇಗ ತಗಲುತ್ತದೆ. ಕಾಳಿಯ ಕಾಲದಲ್ಲಿ ಕಾಡು ದೊಡ್ಡದು, ಊರು ಸಣ್ಣದು. ನಾಯಿ ಬಿಟ್ಟರೆ ಹೋದದ್ದು ಒಂದು ಹಂದಿ. ಇಂದು ಕಾಡೇ ಉದ್ಯಾನವಾಗಿ ಸುತ್ತಲೂ ಗೆರೆ ಎಳೆಸಿಕೊಂಡು ಕುಳಿತಿದೆ.

ನಮ್ಮ ಕಡೆಯ ಮನೆಗಳಲ್ಲಿ ನಾಯಿಯನ್ನು ಹಗಲು ಕಟ್ಟಿ ರಾತ್ರಿ ಬಿಡುವುದು ಪದ್ಧತಿ. ಹಗಲಿನಲ್ಲಿ ಬಂದುಹೋಗುವವರು, ರಾತ್ರಿಯಲ್ಲಿ ತೋಟದ ಕಾವಲು. ನಮ್ಮ ಮನೆಯ ಟೈಗರನ್ನು ಸಂಜೆ ಸರಪಳಿ ಹಿಡಿದು ತಿರುಗಾಡಿಸುವಾಗ ನೆರೆಯ ಹಿರಿಯರೊಬ್ಬರು, “ನಾಯಿಗೆ ಹಗ್ಗ ಎಂತಕ್ಕೆ ಮಾಷ್ಟ್ರೇ, ಅದೇನು ದನವಾ?” ಎಂದು ನಗುತ್ತಾರೆ. “ಅದು ನನ್ನನ್ನು ಕಟ್ಟಿಕೊಂಡದ್ದು, ಶೆಟ್ರೇ” ಎನ್ನುತ್ತೇನೆ. ಅವರದು ತಮಾಷೆ, ನನ್ನದು ಅಷ್ಟೊಂದು ತಮಾಷೆಯಲ್ಲ. ಸರಪಳಿಯ ಒಂದು ತುದಿ ಅದರ ಕೊರಳಲ್ಲಿದ್ದರೆ ಇನ್ನೊಂದು ತುದಿ ನನ್ನ ಕೈಯಲ್ಲಿದೆ. ಎದುರಿಗೆ ಶಾಲೆಯ ಮಗು ಬಂದರೆ ಬದಿಗೆ ನಿಲ್ಲಬೇಕಾದವನು ನಾನು. ಲಸಿಕೆಯ ದಿನ ನೆನಪಿಡಬೇಕಾದವನು ನಾನು. ದಾರಿಯಲ್ಲಿ ಅದು ಮಾಡಿದ್ದನ್ನು ಎತ್ತಬೇಕಾದವನೂ ನಾನೇ.

ಧರ್ಮರಾಯನು ತನ್ನ ನಾಯಿಯನ್ನು ಬಿಡಲಿಲ್ಲವೆಂದು ನಾವು ಹೆಮ್ಮೆಪಡುತ್ತೇವೆ. ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ ಎಂಬುದನ್ನು ಮರೆಯುತ್ತೇವೆ. ಬಾಗಿಲು ತೆರೆಯಬೇಕೆಂದು ಕೇಳುವ ಹಕ್ಕು ಅಂಥವನದು. ಉದ್ಯಾನಗಳಲ್ಲಿ, ತೀರಗಳಲ್ಲಿ ನಾಯಿಗಳಿಗೆ ಜಾಗ ಬೇಕೆಂದು ನಾನೂ ಹೇಳುವವನೇ. ಆದರೆ ಆ ಜಾಗವನ್ನು ಉಳಿಸಿಕೊಡುವುದು ಪ್ರತಿಭಟನೆಗಿಂತ ಹೆಚ್ಚಾಗಿ ದಿನದಿನದ ನಡತೆ. ಒಬ್ಬನು ಹಗ್ಗ ಕಳಚಿದರೆ ನೂರು ನಾಯಿಗಳಿಗೆ ಬಾಗಿಲು ಮುಚ್ಚುತ್ತದೆ. ನಾಯಿ ಮಾಡಿದ ಪಾಪವನ್ನು ಹೊರಬೇಕಾದವರು ಯಾರೆಂದು ಆತಕೂರಿನವರು ಕಲ್ಲಿನಲ್ಲಿ ಬರೆದಿಟ್ಟಾಗಿದೆ.