ಮರ ಮೊದಲೋ, ತಂತಿ ಮೊದಲೋ?

ಮಲೆನಾಡಿನಲ್ಲಿ ಮುಂಗಾರು ಬಲವಾಗಿ ಹಿಡಿದರೆ ಮರ ಬೀಳುವುದೂ ಕರೆಂಟು ಹೋಗುವುದೂ ಜೊತೆಜೊತೆಗೇ ನಡೆಯುತ್ತವೆ. ಆಗೆಲ್ಲ ಊರಿನಲ್ಲೊಂದು ವಾದ ಹುಟ್ಟುತ್ತದೆ: ಮರ ತೋಟದವನದು, ತಂತಿ ಕಂಪನಿಯದು, ಹಾಗಾದರೆ ದುರಸ್ತಿ ಯಾರ ಹೊಣೆ? ಮರದ ಯಜಮಾನನೇ ಖರ್ಚು ಕೊಡಬೇಕೆಂದು ನಂಬಿದವರು ಬಹಳ ಮಂದಿ. ಈ ನಂಬಿಕೆಗೆ ಆಧಾರವಿದೆಯೇ ಎಂದು ತಿಳಿಯಲು ತಂತಿಸಮಾಚಾರದ ಕಾಲಕ್ಕೆ ಹೋಗಬೇಕು.

1885ರ ಇಂಡಿಯನ್ ಟೆಲಿಗ್ರಾಫ್ ಕಾಯ್ದೆಯ 18ನೆಯ ಕಲಮು ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿತು. ತಂತಿಯ ಬಳಿ ನಿಂತಿರುವ ಅಥವಾ ಬಿದ್ದಿರುವ ಮರ ಸಂದೇಶಕ್ಕೆ ಅಡ್ಡಿಯಾದರೆ, ಇಲಾಖೆಯು ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಿ ಅದನ್ನು ತೆಗೆಸಬಹುದು. ಆದರೆ ತಂತಿ ಎಳೆಯುವ ಮೊದಲೇ ಮರ ಅಲ್ಲಿದ್ದರೆ ಅದರ ಹಕ್ಕುದಾರನಿಗೆ ಸೂಕ್ತ ಪರಿಹಾರ ಸಲ್ಲಬೇಕು. ಹಣ ಹರಿಯುವ ದಿಕ್ಕನ್ನು ಗಮನಿಸಿ: ತಂತಿಯವನಿಂದ ಮರದವನ ಕಡೆಗೆ!

ಮುಂದೆ ವಿದ್ಯುತ್ತು ಬಂತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೂ, 1905ರಲ್ಲಿ ಬೆಂಗಳೂರಿಗೂ ಅದು ಹರಿಯಿತು. ಬ್ರಿಟಿಷ್ ಭಾರತಕ್ಕೆಂದು ರಚಿತವಾದ 1910ರ ವಿದ್ಯುತ್ ಕಾಯ್ದೆಯೂ ಮರದ ವಿಷಯದಲ್ಲಿ ಅದೇ ನ್ಯಾಯವನ್ನು ಅನುಸರಿಸಿತು. ಪೊದೆ, ಬೇಲಿ, ಕಾಡುಗಿಡಗಳನ್ನೂ ‘ಮರ’ ಎಂದೇ ಎಣಿಸಬೇಕೆಂದು ವಿವರಿಸಿತು. ಕಂಬದಿಂದ ಮನೆಗೆ ಬರುವ ಸರ್ವಿಸ್ ತಂತಿಗೆ ಮನೆಯವನು ಭಾಗಶಃ ಹಣ ತೆತ್ತಿದ್ದರೂ ಅದನ್ನು ಸುಸ್ಥಿತಿಯಲ್ಲಿಡುವ ಹೊಣೆ ವಿದ್ಯುತ್ ಸರಬರಾಜು ಮಾಡುವವನದೇ ಎಂಬ ನಿಯಮವೂ ಅದರ ಅನುಸೂಚಿಯಲ್ಲಿತ್ತು.

ಇಂದು ಜಾರಿಯಲ್ಲಿರುವ 2003ರ ವಿದ್ಯುತ್ ಕಾಯ್ದೆಯ 68ನೆಯ ಕಲಮಿನಲ್ಲಿ ಆ ಹಳೆಯ ಮಾತುಗಳು ಬಹುಮಟ್ಟಿಗೆ ಹಾಗೆಯೇ ಉಳಿದಿವೆ. ಗಾಳಿಗೆ ತಾನಾಗಿ ಬಿದ್ದ ಮರದ ಒಡೆಯನು ತಂತಿಯ ಖರ್ಚು ತೆರಬೇಕೆಂಬ ಮಾತು ಈ ಕಲಮಿನಲ್ಲಿಲ್ಲ. ಮರ ಕಡಿಯುವಾಗ ಅಜಾಗರೂಕತೆಯಿಂದ ತಂತಿಯ ಮೇಲೆ ಕೆಡವಿದವನ ಪಾಡು ಬೇರೆ. 139ನೆಯ ಕಲಮಿನಂತೆ ಅವನಿಗೆ 10,000 ರೂಪಾಯಿಯವರೆಗೆ ದಂಡ ವಿಧಿಸಬಹುದು.

ಕಡಿದು ಬಿದ್ದ ತಂತಿ ಜೀವ ತೆಗೆದರೆ ಹೊಣೆ ಯಾರದು? 2002ರಲ್ಲಿ ಮಧ್ಯಪ್ರದೇಶ ವಿದ್ಯುಚ್ಛಕ್ತಿ ಮಂಡಳಿ ಮತ್ತು ಶೈಲ್ ಕುಮಾರಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದಕ್ಕೆ ಉತ್ತರ ಕೊಟ್ಟಿತು. ಮಳೆ ನೀರು ನಿಂತ ರಸ್ತೆಯಲ್ಲಿ ತುಂಡಾಗಿ ಬಿದ್ದಿದ್ದ ತಂತಿಗೆ ಸಿಲುಕಿ ಸೈಕಲ್ ಸವಾರನೊಬ್ಬ ಸತ್ತಿದ್ದ. ಬೇರೆಯವನು ಕಳ್ಳತನದಿಂದ ಎಳೆದ ತಂತಿಯದು ಎಂದು ಮಂಡಳಿ ವಾದಿಸಿತು. ಅಪಾಯಕಾರಿ ವಸ್ತುವನ್ನು ಹರಿಸುವವನು, ತನ್ನ ನಿರ್ಲಕ್ಷ್ಯವಿಲ್ಲದಿದ್ದರೂ, ಅದರಿಂದಾದ ಹಾನಿಗೆ ಹೊಣೆಗಾರನೆಂದು ನ್ಯಾಯಾಲಯ ತೀರ್ಮಾನಿಸಿತು.

ಕಾಯ್ದೆ ಹೀಗಿದ್ದರೂ ಹಳ್ಳಿಯ ವಾಸ್ತವ ಬೇರೆ. ಜಡಿಮಳೆಯಲ್ಲಿ ಹತ್ತು ಕಡೆ ಲೈನು ಕಡಿದಿದ್ದರೆ ಲೈನ್‌ಮನ್ ಎಲ್ಲಿಗೆಂದು ಓಡಿಯಾನು? ಎರಡು ದಿನ ಕತ್ತಲೆಯಲ್ಲಿ ಕಾದ ಹುಡುಗರು ಕೊನೆಗೆ ತಾವೇ ಕತ್ತಿ, ಗರಗಸ ಹಿಡಿದು ಹೊರಡುತ್ತಾರೆ. ಅವರ ಊರಭಿಮಾನ ದೊಡ್ಡದು. ಆದರೆ ಪರರ ಹೊಣೆಯನ್ನು ತಮ್ಮ ಪ್ರಾಣದ ಮೇಲೆ ಎಳೆದುಕೊಳ್ಳುತ್ತಿದ್ದೇವೆಂಬುದನ್ನು ಅವರು ಮರೆಯುತ್ತಾರೆ. ಕಂಬದಲ್ಲಿ ಕರೆಂಟಿಲ್ಲವೆಂದು ತೋರಿದರೂ ಯಾರದೋ ಮನೆಯ ಜನರೇಟರಿನಿಂದ ಅದು ಹಿಮ್ಮುಖವಾಗಿ ಹರಿದಿರಬಹುದು. ಆ ಕಡೆಯಿಂದ ಯಾರೋ ಲೈನು ಚಾಲೂ ಮಾಡಲೂಬಹುದು.

ಆದ್ದರಿಂದ ಊರಿನಲ್ಲಿರುವ ನನ್ನ ಶಿಷ್ಯರಿಗೂ ಬಂಧುಗಳಿಗೂ ಹೇಳುವುದಿಷ್ಟೆ. ಮೀಟರಿನಿಂದ ಈಚೆಯ ವೈರಿಂಗ್ ನಿಮ್ಮದು, ಆಚೆಯದು ಕಂಪನಿಯದು. ತಂತಿಯ ಮೇಲೆ ಮರ ಬಿದ್ದರೆ ದೂರ ನಿಲ್ಲಿ, ಮಕ್ಕಳನ್ನೂ ದನಕರುಗಳನ್ನೂ ದೂರವಿಡಿ. 1912 ಸಂಖ್ಯೆಗೆ ಕರೆಮಾಡಿ, ದೂರಿನ ನಂಬರನ್ನು ಬರೆದಿಟ್ಟುಕೊಳ್ಳಿ. ಖರ್ಚು ಕೊಡಿ ಎಂದು ಯಾರಾದರೂ ಕೇಳಿದರೆ, ಯಾವ ನಿಯಮದಂತೆ ಎಂದು ಲಿಖಿತವಾಗಿ ಕೇಳಿರಿ. ಮರ ಮೊದಲೋ ತಂತಿ ಮೊದಲೋ ಎಂಬುದನ್ನು ಊರಿನ ಹಿರಿಯರನ್ನು ವಿಚಾರಿಸಿ ತಿಳಿದಿಟ್ಟುಕೊಳ್ಳುವುದೂ ಒಳ್ಳೆಯದು. ಕಾಯ್ದೆಯ ದೃಷ್ಟಿಯಲ್ಲಿ ಆ ನೆನಪಿಗೂ ಬೆಲೆಯುಂಟು.