ಬಳ್ಳಾಪುರದ ಕೋಟೇಲಿ ಒಬ್ಬ ತಾಯಿ

ನಮ್ಮ ತೂಬಗೆರೆಯವ್ರಿಗೆ ಪೇಟೆ ಅಂದ್ರೆ ದೊಡ್ಡಬಳ್ಳಾಪುರವೇ. ಮದುವೆ ಸೀರೆ, ಆಸ್ಪತ್ರೆ, ಕೋರ್ಟು, ಎಲ್ಲಕ್ಕೂ ಅಲ್ಲಿಗೇ ಬಸ್ಸು ಹತ್ತೋದು. ಮೊನ್ನೆ ನಾದಿನಿ ಮಗಳಿಗೆ ಸೀರೆ ತರೋಕೆ ಹೋಗಿದ್ವಿ. ಮಗ್ಗದ ಸದ್ದಿಗೆ ಬೀದೀಲಿ ಪಕ್ಕದವ್ರ ಮಾತೇ ಕೇಳಲ್ಲ. "ಅತ್ತೆ, ಇದು ಹೊಳೆ ದಂಡೆ ಊರಂತೆ, ಹೊಳೆ ಎಲ್ಲಿ?" ಅಂದ್ಳು ಹುಡುಗಿ. ಅರ್ಕಾವತಿ ಕಣಮ್ಮ, ನಂದಿ ಬೆಟ್ಟದ ಕಡೆ ಹುಟ್ಟಿ, ಕೆರೆಯಿಂದ ಕೆರೆಗೆ ಇಳ್ಕೊಂಡು, ನಾಗರಕೆರೆ ದಾಟಿ ಹೆಸರಘಟ್ಟಕ್ಕೆ ಹೋಗ್ತಾಳೆ ಅಂದೆ. 1890ರ ದಶಕದಲ್ಲಿ ಬೆಂಗಳೂರಿನ ನಲ್ಲೀಲಿ ಬಂದಿದ್ದು ಇದೇ ಹೊಳೆ ನೀರು. ಈಗ ಮಳೆ ಜೋರಾದ್ರೆ ಹೊಳೆ, ಇಲ್ದಿದ್ರೆ ಊರ ಕೊಳಚೆ.

ಆ ನೀರು ನಂಬ್ಕೊಂಡೇ ಕೋಟೆ, ಪೇಟೆ ಎದ್ದಿದ್ದು. ಕಟ್ಟಿದವ್ರು ಆವತಿ ನಾಡಪ್ರಭುಗಳು. 1638ರಲ್ಲಿ ಬಿಜಾಪುರದವ್ರು ಗೆದ್ದು ಶಹಾಜಿಗೆ ಕೊಟ್ರು, ಆಮೇಲೆ ಮೊಗಲರು. ರಾಜರ ಲೆಕ್ಕ ಇಷ್ಟು ಸಾಕು.

ನಂಗೆ ಆ ಕೋಟೆ ಅಂದ್ರೆ ನೆನಪಾಗೋದು ಒಬ್ಬ ತಾಯಿ, ಹೈದರಾಲಿಯನ್ನ ಹೆತ್ತವ್ಳು. ಗಂಡ ಫತೇ ಮಹಮ್ಮದ್ ಸಿರಾ ಸುಬೇದಾರರ ಕೈಕೆಳಗಿನ ಸರದಾರ, ಯುದ್ಧದಲ್ಲಿ ಸತ್ತ. ಅವಳ ಸಂಸಾರ ಇದ್ದಿದ್ದು ಈ ಊರಲ್ಲೇ. ದೊಡ್ಮಗ ಶಹಬಾಜ್‌ಗೆ ಒಂಬತ್ತು ವರ್ಷ, ಹೈದರನಿಗೆ ಏಳು ಇದ್ದಿರ್ಬೇಕು. ಊರಾಳ್ತಿದ್ದ ಅಬ್ಬಾಸ್ ಕುಲಿ ಖಾನ್, ನಿನ್ ಗಂಡನ ಬಾಕಿ ಐತೆ ಕೊಡು ಅಂತ ಮನೇಲಿದ್ದದ್ದನ್ನೆಲ್ಲ ದೋಚಿಸ್ದ. ಸಾಲ್ದೆ ಎರಡೂ ಮಕ್ಳನ್ನ ನಗಾರಿಯೊಳಗೆ ಕೂರಿಸಿ, ಮೇಲೆ ಚರ್ಮ ಬಿಗಿದು ಬಡಿಸಿದ್ನಂತೆ. ತಾಯಿ ಮೈಮೇಲಿನ ಚಿನ್ನ ಬಿಚ್ಚಲಿ ಅಂತ ತಾನೆ ಇದೆಲ್ಲ? ಸಂಘದ ಸಾಲದ ಕಂತು ತಪ್ಪಿದ ದಿನ ಬಾಗ್ಲಲ್ಲಿ ಬಂದು ಕೂರ್ತಾರಲ್ಲ, ಮಕ್ಳೆದ್ರಿಗೇ ಮಾತಾಡ್ತಾರಲ್ಲ, ಅದನ್ನ ಕಂಡೋರಿಗೆ ಈ ಕತೆ ಹಳೇದು ಅನ್ನಿಸಲ್ಲ.

ಕೊನೆಗೆ ಬರಿಗೈಲಿ ಬಿಡಿಸ್ಕೊಂಡು, ಮಕ್ಳನ್ನ ಕಟ್ಕೊಂಡು, ನೆಂಟರ ಆಸರೆಗೆ ಮೊದ್ಲು ಬೆಂಗಳೂರಿಗೆ, ಆಮೇಲೆ ಶ್ರೀರಂಗಪಟ್ಣಕ್ಕೆ ಹೋದ್ಳು. ಸಣ್ಣೋನು ಅದನ್ನ ಮರೀಲಿಲ್ಲ. ಮೂವತ್ತು ವರ್ಷದ ಮೇಲೆ, 1761ರಲ್ಲಿ, ದಂಡು ಕಟ್ಕೊಂಡು ಇದೇ ಕೋಟೆಗೆ ಬಂದ. ಅಬ್ಬಾಸ್ ಕುಲಿ ಖಾನ್ ಮದ್ರಾಸಿಗೆ ಓಡ್ದ. 1769ರಲ್ಲಿ ಹೈದರ್ ಮದ್ರಾಸಿನ ಬಾಗಿಲಿಗೇ ಬಂದಾಗ ಆತ ಹಡಗು ಹತ್ತಿ ಕೂತನಂತೆ. ದಂಡು ವಾಪಸ್ ಘಟ್ಟ ಹತ್ತೋವರ್ಗೂ ನೆಲಕ್ಕೆ ಕಾಲಿಡ್ಲಿಲ್ಲ ಅಂತ ಮೈಸೂರಿನ ಚರಿತ್ರೆ ಬರೆದ ವಿಲ್ಕ್ಸ್ ಸಾಹೇಬ ಹೇಳ್ತಾನೆ.