ಎರಡು ಪಟ್ಟಿಗಳ ನಡುವೆ ಕಾಣೆಯಾದವರು

ನಮೀಬಿಯಾದ ಕಾಗದಪತ್ರಗಳನ್ನು ಹುಡುಕತೊಡಗಿದ್ದು ಒಂದು ಪ್ರಶ್ನೆ ಹಿಡಿದು: ದಕ್ಷಿಣ ಆಫ್ರಿಕಾದ ಆಳರಸರಿಗೇ ಹೆದರದ ಚರ್ಚು, ಸ್ವಂತ ಸರ್ಕಾರ ಬಂದಮೇಲೆ ಬಾಯಿ ಕಟ್ಟಿಕೊಂಡದ್ದೇಕೆ?

ಅದರ ಧೈರ್ಯಕ್ಕೆ 1971ರ ಬಹಿರಂಗ ಪತ್ರವೇ ಸಾಕ್ಷಿ. ಲಿಯೊನಾರ್ಡ್ ಔಆಲಾ, ಪೌಲಸ್ ಗೊವಾಸೆಬ್ ಎಂಬ ಲೂಥರನ್ ಮುಖಂಡರಿಬ್ಬರು ಆಗ ನಮೀಬಿಯಾವನ್ನು ಆಳುತ್ತಿದ್ದ ದಕ್ಷಿಣ ಆಫ್ರಿಕಾದ ಪ್ರಧಾನಿ ಫೋರ್ಸ್ಟರ್‌ಗೆ ನೇರವಾಗಿ ಬರೆದು, ಮಾನವ ಹಕ್ಕುಗಳನ್ನು ತುಳಿಯುತ್ತಿದ್ದೀರಿ, ನಾಡು ಸ್ವತಂತ್ರವಾಗಲಿ ಎಂದರು. 1973ರಲ್ಲಿ ಒನಿಪಾದ ಚರ್ಚ್ ಮುದ್ರಣಾಲಯ ಸ್ಫೋಟಕ್ಕೆ ಸಿಕ್ಕಿತು.

ಮುಂದಿನ ದಾಖಲೆಗಳನ್ನು ಓದುವುದು ಕಷ್ಟ. 1980ರ ದಶಕದಲ್ಲಿ ವಿಮೋಚನಾ ಸಂಘಟನೆ ಸ್ವಾಪೊ ತನ್ನದೇ ನೂರಾರು ಕಾರ್ಯಕರ್ತರಿಗೆ ಗೂಢಚಾರರೆಂಬ ಹಣೆಪಟ್ಟಿ ಹಚ್ಚಿ, ಅಂಗೋಲಾದ ಲುಬಾಂಗೊ ಬಳಿ ನೆಲದಡಿಯ ಗುಂಡಿಗಳಲ್ಲಿ ಕೂಡಿಹಾಕಿತು. ಹೆತ್ತವರು 1985ರಲ್ಲಿ ಸಮಿತಿ ಕಟ್ಟಿಕೊಂಡು ಚರ್ಚ್‌ಗಳ ಬಾಗಿಲು ತಟ್ಟಿದರು. ಹೋರಾಟಕ್ಕೆ ಕೆಟ್ಟ ಹೆಸರು ಬರುತ್ತದೆಂದು ಚರ್ಚ್ ಹಿಂಜರಿಯಿತು. ಆ ಹಿಂಜರಿಕೆ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ.

1989ರಲ್ಲಿ ಚರ್ಚ್‌ಗಳ ಮಂಡಳಿ ವಿಶ್ವಸಂಸ್ಥೆಯ ಜೊತೆಗೂಡಿ 40 ಸಾವಿರಕ್ಕೂ ಹೆಚ್ಚು ನಿರಾಶ್ರಿತರನ್ನು ಊರು ಸೇರಿಸಿತು. ನಿಜಕ್ಕೂ ದೊಡ್ಡ ಕೆಲಸ. ಅದೇ ವರ್ಷದ ಜುಲೈ 4ರಂದು ಬಿಡುಗಡೆಯಾದ 153 ಬಂಧಿತರೂ ವಿಂಡ್‌ಹುಕ್‌ನಲ್ಲಿ ಇಳಿದರು, ಮೈಮೇಲಿನ ಚಿತ್ರಹಿಂಸೆಯ ಗುರುತುಗಳನ್ನು ತೋರಿಸಿದರು. ವಿಶ್ವಸಂಸ್ಥೆಯ ತಂಡವೊಂದು ಸುಮಾರು 1,100 ಹೆಸರುಗಳ ಪಟ್ಟಿ ಹಿಡಿದು ಅಂಗೋಲಾ, ಜಾಂಬಿಯಾಗಳಲ್ಲಿ ಹುಡುಕಿತು. ಅಕ್ಟೋಬರ್‌ನ ವರದಿಯಲ್ಲಿ ಮುನ್ನೂರಕ್ಕೂ ಹೆಚ್ಚು ಹೆಸರುಗಳ ಮುಂದೆ ಉತ್ತರವಿರಲಿಲ್ಲ.

1990ರ ಮಾರ್ಚ್ 21ರಂದು ಸ್ವಾತಂತ್ರ್ಯ ಬಂತು. ರಾಷ್ಟ್ರೀಯ ಸಾಮರಸ್ಯವೇ ಸರ್ಕಾರದ ನೀತಿಯಾಯಿತು. ಹಳೆಯ ಗಾಯ ಕೆದಕಬಾರದೆಂದರೆ ಲುಬಾಂಗೊದ ಮಾತೂ ಎತ್ತಬಾರದೆಂದಾಯಿತು. ನಿರಾಶ್ರಿತರ ಸೇವೆ ಮಾಡಿದ್ದ ಜರ್ಮನ್ ಪಾದ್ರಿ ಸೀಗ್‌ಫ್ರೀಡ್ ಗ್ರೋಟ್ 1995ರಲ್ಲಿ ಪುಸ್ತಕ ಬರೆದು ಬಂಧಿತರ ಕಥೆ ಹೇಳಿದರು. ಮರುವರ್ಷ ಅಧ್ಯಕ್ಷ ನುಜೋಮಾ ದೂರದರ್ಶನದಲ್ಲೇ ಅದನ್ನು ಖಂಡಿಸಿದರು. ಚರ್ಚ್‌ನೊಳಗೆ ಚರ್ಚೆಯಾಗಲಿ ಎಂದವರೂ ಬೇಡವೆಂದವರೂ ಎದುರುಬದುರಾದರು. ಅದೇ 1996ರಲ್ಲಿ ಸ್ವಾಪೊ ಮಡಿದವರ ಸಾವಿರಾರು ಹೆಸರುಗಳ ಗ್ರಂಥ ತಂದಿತು. ಕಾಣೆಯಾದವರ ಮನೆಯವರಿಗೆ ಅದರಿಂದ ಸಮಾಧಾನ ಸಿಗಲಿಲ್ಲ.

ನಮೀಬಿಯಾ ಸತ್ಯಶೋಧನಾ ಆಯೋಗವನ್ನು ನೇಮಿಸಲೇ ಇಲ್ಲ. ಚರ್ಚ್ ವಿಶ್ವಸಂಸ್ಥೆಯ ಜೊತೆಗೂಡಿ ಜನರನ್ನು ಮನೆಗೆ ಕರೆತಂದಿತು. ಬಾರದವರ ಲೆಕ್ಕವನ್ನು ಸರ್ಕಾರ, ಚರ್ಚ್ ಎರಡೂ ಕೂಡಿ ಒಪ್ಪಿಸಬೇಕು.